ಅಲೆಗೆ ತಕ್ಕ ಮೈ

ನಮ್ಮ ಶಾಲೆಯ ಬೇಸಿಗೆ ಪ್ರವಾಸವೆಂದರೆ ಮರಳಿನ ತೀರ, ಐಸ್‌ಕ್ರೀಂ, ಕ್ರಿಕೆಟ್. ಅದು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ವರ್ಷವಾದರೂ ಮಕ್ಕಳನ್ನು ಬಂಡೆಗಳಿರುವ ತೀರಕ್ಕೆ, ಅದೂ ಒಂದೇ ದಿನದಲ್ಲಿ ಎರಡು ತೀರಗಳಿಗೆ ಕರೆದೊಯ್ಯಬೇಕೆಂಬುದು ನಮ್ಮ ಅಭಿಪ್ರಾಯ.

ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲಿರುವ ಡೇಲ್ ಎಂಬ ಹಳ್ಳಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಳ್ಳಿಯ ಮುಂದೆ ಮರೆಯಾದ ಕೊಲ್ಲಿ, ಶಾಂತವಾದ ನೀರು. ಅಲ್ಲಿಂದ ಪಶ್ಚಿಮಕ್ಕೆ ಅರ್ಧ ಗಂಟೆಯೊಳಗೆ ನಡೆದರೆ ಅಟ್ಲಾಂಟಿಕ್ ಅಲೆಗಳು ನೇರವಾಗಿ ಬಂದು ಅಪ್ಪಳಿಸುವ ತೀರ. ಮಳೆ ಒಂದೇ, ಬಿಸಿಲು ಒಂದೇ. ಮುಖ್ಯ ವ್ಯತ್ಯಾಸ ಅಲೆಯ ಹೊಡೆತ. ಬಿಲ್ ಬ್ಯಾಲಂಟೈನ್ ಅವರು ಈ ಸೀಮೆಯ ಬಂಡೆಗಳನ್ನು ಅಭ್ಯಾಸ ಮಾಡಿ 1961ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ 8 ಹಂತಗಳಿವೆ. ಯಾವ ಉಪಕರಣವೂ ಬೇಡ. ಬಂಡೆಯ ಮೇಲೆ ಯಾವ ಜೀವಿ ಎಷ್ಟಿದೆ ಎಂದು ನೋಡಿಯೇ ತೀರಕ್ಕೆ ಬೀಳುವ ಪೆಟ್ಟು ಎಷ್ಟೆಂದು ಹೇಳಬಹುದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಕ್ಕೀತು?

ಶಾಂತ ತೀರಗಳಲ್ಲಿ ನಾಟೆಡ್ ರ‍್ಯಾಕ್ ಎಂಬ ಕಡಲಪಾಚಿ ಮೀಟರ್ ಉದ್ದಕ್ಕೂ ಬೆಳೆಯುತ್ತದೆ. ಎಳೆಯ ಪ್ರಾಯ ಕಳೆದ ಮೇಲೆ ಅದರ ಕವಲಿನಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಂದು ಗಾಳಿಗುಳ್ಳೆ ಮೂಡುತ್ತದೆ. ಎಣಿಸಿ ವಯಸ್ಸು ಅಂದಾಜು ಮಾಡಬಹುದು. ಅದರ ಬಂಧು ಬ್ಲ್ಯಾಡರ್ ರ‍್ಯಾಕ್‌ಗೆ ಜೋಡಿ ಜೋಡಿ ಗುಳ್ಳೆಗಳು. ಉಬ್ಬರ ಬಂದಾಗ ಈ ಗುಳ್ಳೆಗಳೇ ಪಾಚಿಯನ್ನು ಬೆಳಕಿನ ಕಡೆಗೆ ಎತ್ತಿ ಹಿಡಿಯುತ್ತವೆ. ಅದೇ ಬ್ಲ್ಯಾಡರ್ ರ‍್ಯಾಕ್ ಅಲೆಯ ತೀರದಲ್ಲಿ ಗಿಡ್ಡ, ಕಿರಿದು. ಗುಳ್ಳೆಗಳು ಕಡಿಮೆ, ಕೆಲವೊಮ್ಮೆ ಒಂದೂ ಇಲ್ಲ. ತೇಲುವ ದೊಡ್ಡ ಮೈಯನ್ನು ಅಲೆ ಹಿಡಿದೆಳೆದು ಹರಿದುಹಾಕುತ್ತದೆ.

"ಕಷ್ಟಕ್ಕೆ ಒಡ್ಡಿದರೇನೇ ಗಟ್ಟಿಯಾಗುವುದು" ಎಂದು ಪೋಷಕರಾದ ನಾವು ಭಾಷಣ ಬಿಗಿಯುವುದುಂಟು. ಈ ಬಂಡೆಗಳ ಮುಂದೆ ಆ ಮಾತು ಅಷ್ಟು ಸಲೀಸಲ್ಲ. ಬ್ಲ್ಯಾಡರ್ ರ‍್ಯಾಕ್ ಚಿಕ್ಕದಾಗಿ ಉಳಿದುಕೊಳ್ಳುತ್ತದೆ, ನಿಜ. ನಾಟೆಡ್ ರ‍್ಯಾಕ್ ಮಾತ್ರ ಜೋರು ಅಲೆಯಿರುವಲ್ಲಿ ಕಾಣುವುದೇ ಇಲ್ಲ. ಅದರ ಮೊಳಕೆಗಳು ಬಂಡೆ ಕಚ್ಚುವ ಮೊದಲೇ ಕೊಚ್ಚಿಹೋಗುತ್ತವೆ. ಇನ್ನು ಅಮೆರಿಕದ ಪಶ್ಚಿಮ ಕರಾವಳಿಯ ಬುಲ್ ಕೆಲ್ಪ್‌ನದು ಮೂರನೆಯ ಕಥೆ. ನಿಧಾನವಾಗಿ ಹರಿಯುವ ನೀರಿನಲ್ಲಿ ಅದರ ಎಲೆಯ ಅಂಚು ನಡುಭಾಗಕ್ಕಿಂತ ಬೇಗ ಬೆಳೆದು ನೆರಿಗೆ ನೆರಿಗೆಯಾಗುತ್ತದೆ. ರಭಸದ ನೀರಿಗೆ ಒಯ್ದಾಗ ಹೊಸದಾಗಿ ಬೆಳೆದ ಭಾಗ ಚಪ್ಪಟೆಯಾಯಿತೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ಹುಟ್ಟುಗುಣವೆಷ್ಟು, ನೀರಿನ ಪಾಲೆಷ್ಟು ಎಂಬ ಈ ಪ್ರಶ್ನೆಯನ್ನು ಮಕ್ಕಳು ಅಳತೆಪಟ್ಟಿ ಹಿಡಿದು ತಾವೇ ಕೇಳಲಿ. ಬೇಕಾಗುವುದು ಟೇಪು, ಪೆನ್ಸಿಲ್, ಜಾರದ ಬೂಟು. ಬಂಡೆಗೆ ಅಂಟಿದ್ದನ್ನು ಕೀಳುವಂತಿಲ್ಲ. ಅಲೆಯ ಕಡೆಗೆ ಕಡಲು ಶಾಂತವಿದ್ದ ದಿನ ಮಾತ್ರ, ದೊಡ್ಡವರ ಜೊತೆಗೇ ಹೋಗಬೇಕು. ಮುಂದಿನ ಪ್ರವಾಸದ ದಿನವನ್ನು ಮಾತ್ರ ದಯವಿಟ್ಟು ಹಾಲ್ ಬುಕಿಂಗ್ ನೋಡಿ ಅಲ್ಲ, ಉಬ್ಬರವಿಳಿತದ ಪಟ್ಟಿ ನೋಡಿ ಗೊತ್ತುಮಾಡಿ.