ಪೆಟ್ಟಿಗೆ ಇರುವುದು ತುಪ್ಪಕ್ಕಲ್ಲ, ಸಂಸಾರಕ್ಕೆ

ಹೆಬ್ಬಾಳದಿಂದ ಯಲಹಂಕಕ್ಕೆ ಸಾಗುವ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೇನು ಸಾಕಣೆಯ ಸಂಶೋಧನೆ, ಬೋಧನೆಗಳು ನಡೆಯುತ್ತಿವೆ. ಆದರೆ ಪೆಟ್ಟಿಗೆ ಕೊಳ್ಳುವವರು, ನಗರದವರಿರಲಿ ಮಲೆನಾಡಿನವರಿರಲಿ, ಮೊದಲು ಕೇಳುವುದು ಒಂದೇ ಪ್ರಶ್ನೆ: ‘ವರ್ಷಕ್ಕೆ ಎಷ್ಟು ಕಿಲೋ ತುಪ್ಪ?’

ಈ ಪ್ರಶ್ನೆಯೇ ತಪ್ಪು. ತುಪ್ಪ ಕೂಡಿಡುವುದು ಪೆಟ್ಟಿಗೆಯಲ್ಲ, ಜೇನುಕುಟುಂಬ. ಕುಟುಂಬ ಬೆಳೆಯುವುದು ಕೆಳಗಿನ ಸಂಸಾರ ಕೋಣೆಯಲ್ಲಿ. ಅಲ್ಲಿ ಮರಿ ತುಂಬದಿದ್ದರೆ ಮೇಲಿನ ಜೇನುಕೋಣೆ ಬರಿದೇ.

ನ್ಯೂಟನ್ ಪಾದ್ರಿಗಳು 1911–17ರ ಅವಧಿಯಲ್ಲಿ ನಮ್ಮ ತುಡುವೆಗೆಂದೇ ರೂಪಿಸಿದ ಪೆಟ್ಟಿಗೆಯ ಸಂಸಾರ ಕೋಣೆಯಲ್ಲಿ 7 ಚಿಕ್ಕ ಚೌಕಟ್ಟುಗಳಿರುತ್ತವೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದ ಮಾದರಿ ಯುರೋಪಿನ ಜೇನಿಗೆ ಹೊಂದುವಂಥದು. ಇಂದು ಅದರಲ್ಲಿ ಸಾಮಾನ್ಯವಾಗಿ 10 ದೊಡ್ಡ ಚೌಕಟ್ಟುಗಳು. ದೊಡ್ಡ ಪೆಟ್ಟಿಗೆಗೆ ಹೆಚ್ಚು ತುಪ್ಪವೆಂದು ನಂಬಿ ಅದರೊಳಗೆ ತುಡುವೆಯನ್ನು ಕೂರಿಸಿದರೆ ಆಗುವುದೇನು? ಮರಿಗಳಿಗೆ 34–35 ಡಿಗ್ರಿ ಬಿಸುಪು ಬೇಕು. ಚಿಕ್ಕ ಕುಟುಂಬಕ್ಕೆ ಅಷ್ಟು ಜಾಗವನ್ನು ಬೆಚ್ಚಗಿಡಲಾಗದು. ನೊಣ ಆವರಿಸದ ಎರಿಗೆ ಮೇಣದ ಹುಳು ಬೀಳುತ್ತದೆ. ಕೊನೆಗೆ ಕುಟುಂಬ ಗೂಡು ತೊರೆಯುತ್ತದೆ.

ಹಾಗಾದರೆ ಇಟಾಲಿಯನ್ ಜೇನನ್ನೇ ಸಾಕಬಾರದೇಕೆ ಎಂಬ ವಾದವಿದೆ. ಅದು ಹೆಚ್ಚು ತುಪ್ಪ ಕೊಡುತ್ತದೆ, ನಿಜ. ಆದರೆ ಆ ತುಪ್ಪದ ಹಿಂದೆ ಹೂವನ್ನರಸಿ ಪೆಟ್ಟಿಗೆ ಹೊತ್ತೊಯ್ಯುವ ಲಾರಿಯಿದೆ, ಬರಗಾಲಕ್ಕೆ ಸಕ್ಕರೆ ಪಾಕವಿದೆ, ವರೋವಾ ನುಸಿಗೆ ಔಷಧವಿದೆ. ತುಡುವೆಯಾದರೋ ಈ ನುಸಿಯೊಡನೆ ತಲೆತಲಾಂತರದಿಂದ ಬಾಳಿ, ಅದನ್ನು ಹತೋಟಿಯಲ್ಲಿಡಲು ಕಲಿತಿದೆ. ಎರಡು ಪೆಟ್ಟಿಗೆಯ ಮನೆಯವರಿಗೆ ಯಾವುದು ಹಿತ?

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನುಂಗಿತು. ಆ ರೋಗ ಕೊಂದದ್ದು ಮರಿಗಳನ್ನು. ಮರಿ ಸತ್ತಲ್ಲಿ ಕುಟುಂಬ ಉಳಿಯಲಿಲ್ಲ, ಕುಟುಂಬವಿಲ್ಲದ ಪೆಟ್ಟಿಗೆಗಳು ಅಟ್ಟ ಸೇರಿದವು. ಇಷ್ಟಾದರೂ ಪಾಠ ಕಲಿತಂತಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿ ಘೋಷಿಸಿತು. ಇಂಥ ಯೋಜನೆಗಳ ಯಶಸ್ಸನ್ನು ಹಂಚಿದ ಪೆಟ್ಟಿಗೆಗಳಿಂದ ಅಳೆಯಬಾರದು. ವರ್ಷದ ನಂತರ ಜೀವಂತವಿರುವ ಕುಟುಂಬಗಳಿಂದ ಅಳೆಯಬೇಕು.

ಆದ್ದರಿಂದ ಮೊದಲು ಜೇನನ್ನು ಆರಿಸಬೇಕು, ಬಳಿಕ ಪೆಟ್ಟಿಗೆಯನ್ನು. ದೂರದಿಂದ ತರಿಸಿದ ಕುಟುಂಬಕ್ಕಿಂತ ಊರಿನಲ್ಲೇ ಪಾಲು ಮಾಡಿದ ಆರೋಗ್ಯವಂತ ಕುಟುಂಬ ಮೇಲು. ಸಂಸಾರ ಕೋಣೆಯ ಚೌಕಟ್ಟುಗಳು ಮರಿ ಮತ್ತು ನೊಣಗಳಿಂದ ತುಂಬಿದ ಮೇಲೆಯೇ ಜೇನುಕೋಣೆ ಏರಿಸಬೇಕು. ತುಪ್ಪ ತೆಗೆಯುವುದು ಮೇಲಿನಿಂದ ಮಾತ್ರ. ಕೆಳಗಿನದು ಮಳೆಗಾಲದಲ್ಲಿ ಕುಟುಂಬ ಉಣ್ಣುವ ಅನ್ನ.

ಇಷ್ಟೆಲ್ಲ ಮಾಡಿದರೂ ಹೂವಿಲ್ಲದೆ ಮರಿಯಿಲ್ಲ. ಬಳ್ಳಾರಿ ರಸ್ತೆಯನ್ನು ಅಗಲಿಸಲು ಉರುಳಿಸಿದ ಮರಗಳ ಜಾಗವನ್ನು ಯಾವ ಸಬ್ಸಿಡಿಯ ಪೆಟ್ಟಿಗೆಯೂ ತುಂಬಲಾರದು. ಹೊಂಗೆ, ನೇರಳೆ, ಹುಣಸೆಗಳನ್ನು ಕಡಿಯುವ ಕೈಯೇ ಪೆಟ್ಟಿಗೆ ಹಂಚಿದರೆ ಅದನ್ನು ಜೇನು ಸಾಕಣೆ ಎನ್ನಲಾದೀತೇ?