ಸಾಲವಿಲ್ಲದ ಮನೆ

ಋಣವಿಲ್ಲದವನೇ ಸುಖಿಯೆಂಬುದು ಯಕ್ಷಪ್ರಶ್ನೆಯನ್ನು ಓದಿದ ಗೃಹಸ್ಥರಿಗೆಲ್ಲ ತಿಳಿದ ಮಾತು. ಆದರೆ ಋಣವಿಲ್ಲವೆಂಬ ಹೆಮ್ಮೆಯೇ ಒಂದು ಸಂಸಾರವನ್ನು ಹೇಗೆ ಸುಟ್ಟಿತೆಂಬುದನ್ನು ಐಸ್‌ಲೆಂಡಿನ ಕಾದಂಬರಿಕಾರನೊಬ್ಬನು ಬರೆದಿಟ್ಟಿದ್ದಾನೆ. ಈ ತಿಂಗಳು ಆತನ ಪರಿಚಯವನ್ನು ವಾಚಕರಿಗೆ ಮಾಡಿಕೊಡುವೆವು.

ಹಾಲ್ಡೋರ್ ಲಾಕ್ಸ್‌ನೆಸ್ಸನು 1902ರಲ್ಲಿ ರೇಕ್ಯಾವಿಕ್ ಪಟ್ಟಣದಲ್ಲಿ ಜನಿಸಿದನು. ಬೆಳೆದದ್ದು ಲಾಕ್ಸ್‌ನೆಸ್ ಎಂಬ ಹೊಲಮನೆಯಲ್ಲಿ; ಅದರ ಹೆಸರನ್ನೇ ತನ್ನದಾಗಿ ಮಾಡಿಕೊಂಡನು. ಮೊದಲ ಕಾದಂಬರಿಯು 1919ರಲ್ಲಿ, ಆತನ ಹದಿನೇಳನೆಯ ವಯಸ್ಸಿನಲ್ಲಿ, ಅಚ್ಚಾಯಿತು. 1923ರಲ್ಲಿ ಲಕ್ಸೆಂಬರ್ಗಿನ ಮಠವೊಂದರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದನು. ಬಳಿಕ ಅಮೆರಿಕೆಯಲ್ಲಿ ಎರಡು ವರ್ಷವಿದ್ದು ಸಮಾಜವಾದಕ್ಕೆ ಒಲಿದನು. 1955ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು, 1998ರಲ್ಲಿ ತೊಂಬತ್ತೈದು ವರ್ಷದವನಾಗಿ ತೀರಿಕೊಂಡನು.

ಮೀನುಗಾರರ ಹಳ್ಳಿಯ ಬಡ ಹುಡುಗಿಯನ್ನು ಕುರಿತ 'ಸಾಲ್ಕಾ ವಾಲ್ಕಾ', ಡೇನರ ಆಳ್ವಿಕೆಯ ಕಾಲವನ್ನು ಚಿತ್ರಿಸುವ 'ಐಸ್‌ಲೆಂಡಿನ ಘಂಟೆ' ಇವೂ ಆತನ ಹೆಸರಾಂತ ಕೃತಿಗಳೇ. ಗೃಹಸ್ಥರು ಮೊದಲು ಓದತಕ್ಕದ್ದು 1934 ಮತ್ತು 1935ರಲ್ಲಿ ಎರಡು ಭಾಗಗಳಾಗಿ ಹೊರಬಂದ 'ಸ್ವತಂತ್ರ ಜನ'.

ಇದರ ನಾಯಕನಾದ ಬ್ಯಾರ್ತೂರನು ಹದಿನೆಂಟು ವರ್ಷ ಪರರ ಮನೆಯಲ್ಲಿ ಆಳಾಗಿ ದುಡಿದು, ಪಾಳುಬಿದ್ದ ನೆಲವನ್ನು ಕೊಂಡು ಕುರಿ ಸಾಕುತ್ತಾನೆ. ಯಾರ ಹಂಗಿನಲ್ಲಿಯೂ ಇರಕೂಡದೆಂಬುದೇ ಆತನ ವ್ರತ. ಒಮ್ಮೆ ಮನೆಗೆ ಹಸುವೊಂದು ಬರುತ್ತದೆ. ಮಕ್ಕಳಿಗೆ ಹಾಲು ದೊರೆಯುತ್ತದೆ, ರೋಗಿಯಾದ ಹೆಂಡತಿಯ ಮುಖದಲ್ಲಿ ಗೆಲವು ಮೂಡುತ್ತದೆ. ಮೇವು ಸಾಲದೆ ಹೋದಾಗ, ಕುರಿಗಳನ್ನು ಉಳಿಸಿಕೊಳ್ಳಲೆಂದು ಆತನು ಆ ಹಸುವನ್ನೇ ಕೊಲ್ಲುತ್ತಾನೆ. ಹೆಂಡತಿಯೂ ಬಹಳ ದಿನ ಬದುಕುವುದಿಲ್ಲ. ಮೊದಲ ಹೆಂಡತಿಯ ಮಗಳಾದ ಆಸ್ತಾ ಆತನಿಗೆ ಹುಟ್ಟಿದವಳಲ್ಲ. ಆದರೂ ಅವಳಲ್ಲಿ ಆತನಿಗೆ ಬಹು ಮಮತೆ. ಅವಳು ಮದುವೆಯಿಲ್ಲದೆ ಗರ್ಭಿಣಿಯಾಗಲು, ಅವಳನ್ನೂ ಹೊರಗಟ್ಟುತ್ತಾನೆ.

1914ರ ಮಹಾಯುದ್ಧದಿಂದ ಕುರಿಗಳ ಬೆಲೆಯೇರುತ್ತದೆ. ವ್ರತವನ್ನು ಮರೆತು ಬ್ಯಾರ್ತೂರನು ಸಾಲ ಮಾಡಿ ದೊಡ್ಡ ಮನೆಯನ್ನು ಕಟ್ಟಿಸುತ್ತಾನೆ. ಯುದ್ಧಾನಂತರ ಬೆಲೆ ಕುಸಿಯಲು ಹೊಲಮನೆ ಹರಾಜಾಗುತ್ತದೆ. ಎಲ್ಲವನ್ನೂ ಕಳೆದುಕೊಂಡ ಮೇಲೆ ಆತನು ಹುಡುಕಿಕೊಂಡು ಹೋಗುವುದು ಆಸ್ತಾಳನ್ನು. ಕ್ಷಯದಿಂದ ಬಳಲುತ್ತಿದ್ದ ಅವಳನ್ನು ತೋಳುಗಳಲ್ಲಿ ಎತ್ತಿಕೊಂಡು ನಡೆಯುತ್ತಾನೆ.

ಲಾಕ್ಸ್‌ನೆಸ್ಸನು ಈ ಮೊಂಡನನ್ನು ಕೇವಲ ಹಳಿಯುವುದಿಲ್ಲ. ಆತನ ದುಡಿಮೆಗೂ ಛಲಕ್ಕೂ ಗೌರವವನ್ನು ಸಲ್ಲಿಸಿಯೇ, ಅದರ ಬೆಲೆಯನ್ನು ತೆತ್ತವರು ಯಾರೆಂದು ಕೇಳುತ್ತಾನೆ. ನಮ್ಮ ಶಾಸ್ತ್ರಗಳು ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿವೆ. ಈ ಕಥೆಯನ್ನು ಓದಿ ಮುಗಿಸಿದ ಗೃಹಸ್ಥನು, ಮೌನವಾಗಿ ದುಡಿಯುವ ಹೆಂಡತಿಯ ಋಣವನ್ನೂ ಹಾಲಿಗಾಗಿ ಕೈಯೊಡ್ಡುವ ಮಗುವಿನ ಋಣವನ್ನೂ ತನ್ನ ಲೆಕ್ಕದಲ್ಲಿ ಬರೆದುಕೊಳ್ಳುವನೆಂದು ನಂಬಿದ್ದೇವೆ.