ಬಾಳೆಹಣ್ಣಿನ ನಾಡಿ ಎಪ್ಪತ್ತಾರು

ಮೊದಲೆಲ್ಲ ನಮ್ಮ ಬೂಕನಕೆರೆಯಲ್ಲಿ ಬೆಳಗಿನ ವಾಕಿಂಗಿಗೆ ಹೊರಟ ಮುದುಕರು ಎದುರಾದರೆ ಮಳೆ, ಬೆಳೆ, ಕಬ್ಬಿನ ಬಾಕಿ ಹಣ, ಇಷ್ಟೇ ಮಾತು. ಈಗ ಒಬ್ಬರು ತೋಳು ಸರಿಸಿ ‘ನಂದು ಎಪ್ಪತ್ತೆರಡು’ ಅನ್ನುತ್ತಾರೆ. ಇನ್ನೊಬ್ಬರು ‘ನಂದು ತೊಂಬತ್ತೊಂದು, ಯಾಕೋ ಜಾಸ್ತಿ ಆಯ್ತಲ್ಲ’ ಎಂದು ಮುಖ ಸಣ್ಣದು ಮಾಡುತ್ತಾರೆ. ಎಲ್ಲ ಮಕ್ಕಳು ಬೆಂಗಳೂರಿನಿಂದ ತಂದುಕೊಟ್ಟ ಸ್ಮಾರ್ಟ್ ವಾಚಿನ ಮಹಿಮೆ.

2025ರ ಜೂನ್, ಜುಲೈ ತಿಂಗಳಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಮೇಲಿಂದ ಮೇಲೆ ಬಂದದ್ದು ನಿಮಗೆ ನೆನಪಿರಬೇಕು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಉದ್ದುದ್ದ ಸಾಲು ನಿಂತರು. ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಗಡಿ ದಾಟಿದರೆ ಚನ್ನರಾಯಪಟ್ಟಣ. ಹೆದರಿಕೆ ನಮ್ಮೂರಿಗೂ ಬಂತು, ಅದರ ಹಿಂದೆಯೇ ವಾಚುಗಳೂ ಬಂದವು. ಆವತ್ತಿನಿಂದ ನನ್ನನ್ನು ಕೇಳುವವರು ಹೆಚ್ಚು: ‘ನೀವು ಬ್ಯಾಂಕಿನಲ್ಲಿ ಲೆಕ್ಕ ಬರೆದವರು, ಇದರ ಲೆಕ್ಕ ನಂಬಬಹುದಾ?’

ನಾನು ಡಾಕ್ಟರಲ್ಲ, ಬಿ.ಕಾಂ. ಓದಿದ ಗುಮಾಸ್ತ. ಆದರೆ ಒಂದು ಅಂಕಿ ಕಣ್ಣಿಗೆ ಬಿದ್ದರೆ ಅದು ಎಲ್ಲಿಂದ ಬಂತು ಎಂದು ಕೇಳುವ ಚಾಳಿ ನಿವೃತ್ತಿಯಾದರೂ ಹೋಗಿಲ್ಲ.

ಮಕ್ಕಳೇ, ವಾಚನ್ನು ಬಿಚ್ಚಿ ಅದರ ಬೆನ್ನು ನೋಡಿ. ಹಸಿರು ದೀಪ ಮಿಣಮಿಣ ಅನ್ನುತ್ತಿರುತ್ತದೆ. ಹಸಿರೇ ಯಾಕೆ? ಇವತ್ತು ರಾತ್ರಿ ಮೊಬೈಲಿನ ಟಾರ್ಚ್ ಹಾಕಿ ಅದರ ಮೇಲೆ ಬೆರಳಿಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ರಕ್ತ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದೆ. ಗುಂಡಿಗೆ ಒಂದು ಸಲ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ತುಸು ಉಕ್ಕುತ್ತದೆ, ಹಸಿರು ಬೆಳಕು ಅಷ್ಟು ಕಡಿಮೆ ವಾಪಸ್ಸು ಬರುತ್ತದೆ. ಈ ಏರಿಳಿತವನ್ನು ಎಣಿಸಿ ವಾಚು ‘ಎಪ್ಪತ್ತೆರಡು’ ಅನ್ನುತ್ತದೆ. ಅಂದರೆ ಅದು ಗುಂಡಿಗೆಯನ್ನು ನೋಡುತ್ತಿಲ್ಲ. ವಾಪಸ್ಸು ಬಂದ ಬೆಳಕನ್ನು ನೋಡಿ ಊಹೆ ಮಾಡುತ್ತಿದೆ.

ಸುಮ್ಮನೆ ಕೂತಾಗ, ಪಟ್ಟಿ ಬಿಗಿಯಾಗಿದ್ದಾಗ, ಒಳ್ಳೆಯ ವಾಚಿನ ಈ ಊಹೆ ಸಾಕಷ್ಟು ಸರಿಯಾಗಿಯೇ ಇರುತ್ತದೆ. ಪಟ್ಟಿ ಸಡಿಲವಾದರೆ, ಕೈ ತಣ್ಣಗಿದ್ದರೆ, ಬಿರುಸಾಗಿ ನಡೆಯುತ್ತಿದ್ದರೆ ಕತೆ ಬೇರೆ. ಕೆಲವು ಸಲ ಅದು ಗುಂಡಿಗೆ ಬಿಟ್ಟು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ!

ನನ್ನ ಮೊಮ್ಮಗ ಏಳನೇ ಕ್ಲಾಸು. ದಸರಾ ರಜೆಯಲ್ಲಿ ಬಂದವನು ಅವರಪ್ಪ ನನಗೆ ಕೊಡಿಸಿದ 1,499 ರೂಪಾಯಿಯ ವಾಚನ್ನು ಒಂದು ಬಾಳೆಹಣ್ಣಿಗೆ ಕಟ್ಟಿದ. ನಾಡಿ 76 ಅಂತ ಬಂತು. ಗುಂಡಿ ಒತ್ತಿದ, ಬಿ.ಪಿ. 118/78. ನನ್ನ ಹೆಂಡತಿ ಅಡುಗೆಮನೆಯಿಂದಲೇ ‘ನಿಮಗಿಂತ ಬಾಳೆಹಣ್ಣೇ ಗಟ್ಟಿಮುಟ್ಟಾಗಿದೆ ಬಿಡಿ’ ಅಂದಳು. ಇದರಲ್ಲಿ ಮಾಟವಿಲ್ಲ. ಬೆಳಕಿನಲ್ಲಿ ಯಾವುದಾದರೂ ಏರಿಳಿತ ಹುಡುಕು ಎಂದು ಅದಕ್ಕೆ ಹೇಳಿದೆ. ಸಿಗದಿದ್ದರೆ ಇಲ್ಲ ಅನ್ನುವ ಬುದ್ಧಿಯನ್ನು ಅಗ್ಗದ ವಾಚಿಗೆ ಕೊಟ್ಟಿಲ್ಲ. ನಮ್ಮ ಬ್ಯಾಂಕಿನಲ್ಲಿ ಹಾಗೆ ಯಾರಾದರೂ ಕ್ಯಾಶ್ ಇಲ್ಲದೆಯೂ ಬ್ಯಾಲೆನ್ಸ್ ಬರೆದಿದ್ದರೆ ಅವತ್ತೇ ಮನೆಗೆ.

ಇದಕ್ಕೆ ಉಲ್ಟಾ ಆದದ್ದು ನಮ್ಮಕ್ಕನ ಕೈಯಲ್ಲಿ. ಎಂಬತ್ತು ದಾಟಿದ ಅವಳಿಗೆ ಹುಡುಗಿಯಾಗಿದ್ದಾಗ ಮುಂಗೈ ತುಂಬ ಹಾಕಿಸಿದ ಹಚ್ಚೆ ಇದೆ. ಅದರ ಮೇಲೆ ಕಟ್ಟಿದರೆ ವಾಚಿನಲ್ಲಿ ಬರೀ ಗೆರೆ, ನಾಡಿಯೇ ಇಲ್ಲ. ‘ಹಂಗಾರೆ ನಾನು ಸತ್ತೋಗಿವ್ನೇನ್ಲಾ?’ ಎಂದು ಮೊಮ್ಮಗನನ್ನು ಗದರಿದಳು. 2015ರಲ್ಲಿ ಆಪಲ್ ವಾಚು ಹೊಸದಾಗಿ ಬಂದಾಗ ಟ್ಯಾಟೂ ಹಾಕಿಸಿಕೊಂಡವರು ಇದೇ ದೂರು ಕೊಟ್ಟರು. ಹಚ್ಚೆಯ ಬಣ್ಣ ಬೆಳಕನ್ನು ತಡೆಯಬಹುದು ಎಂದು ಕಂಪನಿಯೂ ಹೇಳಿತು. ಹಚ್ಚೆಯಿಲ್ಲದ ಇನ್ನೊಂದು ಕೈಗೆ ಕಟ್ಟಿದೆವು, ಅಕ್ಕ ಬದುಕಿದಳು.

ಆಕ್ಸಿಜನ್ ಅಂಕಿಯ ಕತೆ ಇನ್ನೂ ಸೂಕ್ಷ್ಮ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಕ್ಲಿಪ್ಪನ್ನು ಮರೆತವರುಂಟೇ? 94ಕ್ಕಿಂತ ಕೆಳಗೆ ಬಂದರೆ ಮನೆಯವರ ಎದೆ ಧಸಕ್ ಅನ್ನುತ್ತಿತ್ತು. ಅದರ ಮೂಲ ಉಪಾಯ 1974ರಲ್ಲಿ ಜಪಾನಿನ ಟಾಕುವೊ ಅವೊಯಾಗಿ ಎಂಬ ಎಂಜಿನಿಯರರದ್ದು. ಇಡೀ ಲೋಕ ಅವರ ಯಂತ್ರಕ್ಕೆ ಬೆರಳು ಕೊಟ್ಟು ಕೂತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಕ್ಲಿಪ್ಪಿನಲ್ಲಿ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬೆರಳಿನ ಈ ಕಡೆಯಿಂದ ಆ ಕಡೆಗೆ ತೂರಿ ಹೋಗುತ್ತವೆ. ಮಣಿಕಟ್ಟಿನಲ್ಲಿ ಹಾಗೆ ತೂರುವುದಕ್ಕೆ ಆಗುವುದಿಲ್ಲ, ವಾಪಸ್ಸು ಬಂದ ಚೂರುಪಾರು ಬೆಳಕಿನಲ್ಲೇ ಲೆಕ್ಕ ಹಾಕಬೇಕು. ಹಾಗಾಗಿ ಚಳಿಗಾಲದ ಬೆಳಿಗ್ಗೆ ಪಾತ್ರೆ ತೊಳೆದ ತಣ್ಣನೆ ಕೈಗೆ ವಾಚು 88 ಅಂದರೆ ಕೂಡಲೇ ಅಳಬೇಡಿ. ಉಸಿರಾಟ ಸಲೀಸಾಗಿದ್ದರೆ ಕೈ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಅಲ್ಲಾಡದೆ ಕೂತು ಮತ್ತೆ ನೋಡಿ. ಆಗಲೂ ಹಾಗೇ ಬಂದರೆ, ಇಲ್ಲವೇ ಏದುಸಿರು ಇದ್ದರೆ, ಡಾಕ್ಟರ ಬಳಿ ಹೋಗಿ.

ಆಸ್ಪತ್ರೆಯ ಕ್ಲಿಪ್ಪೇ ಎಡವುವುದುಂಟು. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ವರದಿ ಕೊಟ್ಟರು. ಕ್ಲಿಪ್ಪು 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ಪರೀಕ್ಷಿಸಿದರೆ, ಕಪ್ಪು ಜನಾಂಗದವರಲ್ಲಿ ನೂರಕ್ಕೆ 11.7 ಸಲ ನಿಜವಾದ ಆಕ್ಸಿಜನ್ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಹಾಗಾದದ್ದು 3.6 ಸಲ ಮಾತ್ರ. ಮೈಬಣ್ಣವೂ ಬೆಳಕನ್ನು ನುಂಗುತ್ತದೆ. ಬಿಸಿಲಲ್ಲಿ ಗದ್ದೆ ಕೆಲಸ ಮಾಡುವ ನಮ್ಮ ಜನಕ್ಕೆ ಇದು ದೂರದೇಶದ ಸುದ್ದಿಯಲ್ಲ.

ಇನ್ನು ಬಿ.ಪಿ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬುವುದು ಸುಮ್ಮನೆ ಅಲ್ಲ, ರಕ್ತನಾಳವನ್ನು ಒತ್ತಿ ಹಿಡಿದು ಒತ್ತಡ ಅಳೆಯುತ್ತಾರೆ. ಬರೀ ಬೆಳಕಿನಲ್ಲಿ ಅಂದಾಜು ಮಾಡುವ ವಾಚುಗಳಲ್ಲಿ ಸ್ಯಾಮ್‌ಸಂಗ್‌ನಂಥ ದೊಡ್ಡ ಕಂಪನಿಯದ್ದೇ 28 ದಿನಕ್ಕೊಮ್ಮೆ ತೋಳಿನ ಪಟ್ಟಿಯ ಯಂತ್ರದ ಜೊತೆ ತಾಳೆ ನೋಡಬೇಕು ಎನ್ನುತ್ತದೆ. ತಾಳೆಯನ್ನೇ ನೋಡದ ವಾಚಿನ ಬಿ.ಪಿ. ನಂಬಿ ಮಾತ್ರೆ ಬಿಡಬೇಡಿ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇನೆ ಅನ್ನುವ ವಾಚು, ಉಂಗುರಗಳನ್ನಂತೂ ಮನೆಗೇ ತರಬೇಡಿ. ಅಂಥದ್ದು ಯಾವುದಕ್ಕೂ ತಾವು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಜನರನ್ನು ಎಚ್ಚರಿಸಿತು. ತಪ್ಪು ಅಂಕಿ ನೋಡಿ ಇನ್ಸುಲಿನ್ ಹೆಚ್ಚು ತಗೊಂಡರೆ ಪ್ರಾಣಕ್ಕೇ ಸಂಚಕಾರ.

ಹಾಗಂತ ಎಲ್ಲವನ್ನೂ ತಿಪ್ಪೆಗೆ ಎಸೆಯುವ ಪೈಕಿ ನಾನಲ್ಲ. ಸ್ಟ್ಯಾನ್‌ಫರ್ಡ್ ವೈದ್ಯರು 4,19,297 ಜನರ ಕೈಗೆ ಕಟ್ಟಿದ್ದ ಆಪಲ್ ವಾಚಿನ ಮೇಲೆ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ‘ನಾಡಿ ತಾಳ ತಪ್ಪುತ್ತಿದೆ’ ಎಂದು ವಾಚು ಎಚ್ಚರಿಸಿದ್ದು ಸಾವಿರಕ್ಕೆ ಐದು ಜನರನ್ನು ಮಾತ್ರ. ಅವರಲ್ಲಿ ಎದೆಗೆ ಇ.ಸಿ.ಜಿ. ಪಟ್ಟಿ ಅಂಟಿಸಿಕೊಂಡು ಪರೀಕ್ಷೆ ಮುಗಿಸಿದ 450 ಮಂದಿಯಲ್ಲಿ ಶೇ. 34 ಜನರಿಗೆ ನಿಜಕ್ಕೂ ತಾಳ ತಪ್ಪುವ ತೊಂದರೆ ಸಿಕ್ಕಿತು. ಆದ್ದರಿಂದ ಒಳ್ಳೆಯ ವಾಚು ಹಾಗೆ ಹೇಳಿದರೆ ಡಾಕ್ಟರಿಗೆ ತೋರಿಸುವುದೇ ಸರಿ.

ನನಗೆ ನಿಜವಾದ ಭಯ ವಾಚು ‘ಸರಿಯಿಲ್ಲ’ ಅನ್ನುವಾಗ ಅಲ್ಲ, ‘ಸರಿಯಿದೆ’ ಅನ್ನುವಾಗ. ನಮ್ಮ ಬೀದಿಯ ಒಬ್ಬರಿಗೆ ಒಂದು ಮುಂಜಾನೆ ಎದೆ ಹಿಡಿದಂತಾಯಿತು, ಎಡಗೈ ಜೋಮು, ಮೈಯೆಲ್ಲ ಬೆವರು. ಅವರು ಜಗಲಿಯ ಮೇಲೆ ಕೂತು ವಾಚು ನೋಡಿಕೊಂಡರು. ನಾಡಿ 78, ಆಕ್ಸಿಜನ್ 98. ‘ಗ್ಯಾಸ್ಟ್ರಿಕ್ ಇರ್ಬೇಕು, ಎಲ್ಲಾ ಸರಿಯಾಗೈತೆ’ ಅಂದರು. ಅವರ ಹೆಂಡತಿಗೆ ಓದು ಬರದು. ‘ಗಡಿಯಾರ ಏನಾರ ಹೇಳ್ಕಳ್ಳಿ, ನೀವು ಏಳಿ ಮೊದ್ಲು’ ಎಂದು ಪಕ್ಕದ ಮನೆ ಹುಡುಗನ ಕಾರಿಗೆ ಹತ್ತಿಸಿದರು. ಇ.ಸಿ.ಜಿ. ತೆಗೆದವರು ಎರಡನೇ ಮಾತಾಡದೆ ಮೈಸೂರಿಗೆ ಕಳಿಸಿದರು. ಸ್ಟೆಂಟ್ ಹಾಕಿದ್ದಾರೆ, ಈಗ ಮತ್ತೆ ಗದ್ದೆ ಕಡೆ ಓಡಾಡುತ್ತಾರೆ.

ವಾಚು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ನಾಡಿ 78 ಇದ್ದದ್ದು ನಿಜವೇ ಇರಬಹುದು. ಗುಂಡಿಗೆಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೂ ನಾಡಿ 78 ಇರಬಲ್ಲದು. ಆಸ್ಪತ್ರೆಯಲ್ಲಿ ಮೈಮೇಲೆ ಹತ್ತು ಕಡೆ ತಂತಿ ಅಂಟಿಸಿ ಗುಂಡಿಗೆಯನ್ನು ಹನ್ನೆರಡು ದಿಕ್ಕಿನಿಂದ ನೋಡುತ್ತಾರೆ. ಇ.ಸಿ.ಜಿ. ಇರುವ ದುಬಾರಿ ವಾಚೂ ನೋಡುವುದು ಒಂದೇ ಕಿಟಕಿಯಿಂದ, ಮೂವತ್ತು ಸೆಕೆಂಡು. ತನಗೆ ಹೃದಯಾಘಾತ ಕಂಡುಹಿಡಿಯಲು ಬಾರದು ಎಂದು ಆಪಲ್ ವಾಚು ತಾನೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಅದನ್ನು ಓದುವವರು ಯಾರು!

ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದು ಗೊತ್ತಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಡುತ್ತಾರೆ. ಮೊದಲ ಒಂದು ಗಂಟೆಯಲ್ಲಿ ತಲುಪಿದಷ್ಟೂ ಲಾಭ. ಎದೆನೋವು, ಬೆವರು, ಉಸಿರು ಕಟ್ಟಿದಂತಾದರೆ ವಾಚಿಗೆ ಕೈ ಹಾಕದೆ 108ಕ್ಕೆ ಫೋನ್ ಹಾಕಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ತಾತನನ್ನೋ ಅಜ್ಜಿಯನ್ನೋ ಐದು ನಿಮಿಷ ಸುಮ್ಮನೆ ಕೂರಿಸಿ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ನಿಮ್ಮ ಎರಡು ಬೆರಳಿಡಿ. ಹೆಬ್ಬೆರಳು ಬೇಡ, ಅದರಲ್ಲಿ ನಿಮ್ಮದೇ ನಾಡಿ ಬಡಿಯುತ್ತದೆ. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಅದೇ ಹೊತ್ತಿನಲ್ಲಿ ವಾಚು ಎಷ್ಟು ಹೇಳುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ಒಂದು ವಾರ ಹೀಗೆ ಎರಡು ಕಾಲಂ ಬರೆದರೆ ನಿಮ್ಮ ಮನೆಯ ವಾಚು ಎಂಥದ್ದು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ನಮ್ಮನೆಯ ಪುಸ್ತಕದಲ್ಲಿ ಏಳು ದಿನದಲ್ಲಿ ಐದು ದಿನ ವ್ಯತ್ಯಾಸ ನಾಲ್ಕರೊಳಗೆ ಇದೆ. ಉಳಿದೆರಡು ದಿನ ಹೆಂಡತಿ ರೊಟ್ಟಿ ತಟ್ಟುತ್ತಾ ಕೈ ಕೊಟ್ಟಿದ್ದಳು.